ಕಲಾ ನಿರ್ವಹಣೆ ಕಲಿಸುವ ಆಸೆಯೇ? ಮೊದಲು ಒಂದು ವರ್ಷದ ಲೆಕ್ಕ ಹಿಡಿಯಿರಿ

ಪ್ರಶ್ನೆ: ನಾನು ವಾಣಿಜ್ಯ ಪದವೀಧರೆ. ಕೆಲವು ವರ್ಷಗಳಿಂದ ಒಂದು ನಾಟಕ ಸಂಸ್ಥೆಯ ಕಚೇರಿಯಲ್ಲಿದ್ದೇನೆ. ಟಿಕೆಟ್, ಪ್ರಚಾರ, ಪ್ರವಾಸದ ಏರ್ಪಾಡು ಎಲ್ಲವೂ ನನ್ನ ತಲೆಯ ಮೇಲೆಯೇ. ಮುಂದೆ ಕಲಾ ನಿರ್ವಹಣೆಯನ್ನು ಕಲಿಸಬೇಕು ಎಂಬ ಆಸೆಯಿದೆ. ಅದಕ್ಕಾಗಿ ಈಗಲೇ ಕೆಲಸ ಬಿಟ್ಟು ಸ್ನಾತಕೋತ್ತರ ಪದವಿಗೆ ಸೇರಲೇ? ಪಿಎಚ್‌.ಡಿ. ಇಲ್ಲದೆ ಕಲಿಸಲು ಆಗುತ್ತದೆಯೇ? ಲಾಭರಹಿತ ಕಲಾ ಸಂಸ್ಥೆಗಳನ್ನು ನಂಬಿ ಬದುಕು ಕಟ್ಟಿಕೊಳ್ಳಬಹುದೇ? 'ಇದೂ ಒಂದು ಕೆಲಸವಾ' ಎಂದು ಮನೆಯವರು ಕೇಳುತ್ತಾರೆ.

ಉತ್ತರ: ಟಿಕೆಟ್ ನೋಡಿಕೊಳ್ಳುತ್ತೀರಿ, ಪ್ರಚಾರ ನೋಡಿಕೊಳ್ಳುತ್ತೀರಿ, ಪ್ರವಾಸ ನೋಡಿಕೊಳ್ಳುತ್ತೀರಿ. ಹಣ ಯಾರು ನೋಡಿಕೊಳ್ಳುತ್ತಾರೆ? ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ನೇರ ಉತ್ತರ: ಈಗಲೇ ಕೆಲಸ ಬಿಡಬೇಡಿ. ಈಗಿರುವ ಸಂಸ್ಥೆಯಲ್ಲೇ ಬಜೆಟ್ ಬರೆಯುವ ಕಡೆಗೆ ಸರಿಯಿರಿ. ಒಂದು ಪೂರ್ತಿ ವರ್ಷ, ಬಜೆಟ್ ಮಂಜೂರಾದ ದಿನದಿಂದ ಆಡಿಟ್ ಮುಗಿಯುವವರೆಗೆ, ಲೆಕ್ಕದ ಜೊತೆ ಇರಿ. ಆಮೇಲೆ ಪದವಿಯ ಬಗ್ಗೆ ಯೋಚಿಸಿ. ಕಲಿಸಬೇಕು ಎಂದು ಬರುವವರಿಗೆಲ್ಲ ನಾನು ಹೇಳುವುದು ಇದನ್ನೇ. ಅರ್ಧಕ್ಕರ್ಧ ಜನ ಬೇಸರ ಮಾಡಿಕೊಳ್ಳುತ್ತಾರೆ. ನಾಟಕ, ಸಂಗೀತ ಅಂತ ಪ್ರೀತಿಯಿಂದ ಬಂದವರಿಗೆ ಲೆಕ್ಕದ ಪುಸ್ತಕ ತೋರಿಸಿದರೆ ಬೇಸರ ಆಗುವುದು ಸಹಜ. ನೀವು ವಾಣಿಜ್ಯ ಓದಿದವರು, ನಿಮಗೆ ಅಷ್ಟು ಭಯ ಇರಲಿಕ್ಕಿಲ್ಲ.

ಹಣಕ್ಕೆ ಇಷ್ಟು ಒತ್ತು ಯಾಕೆ ಎಂದು ಕೇಳಬಹುದು. ಈ ಕ್ಷೇತ್ರದ ಬುಡದಲ್ಲೇ ಹಣದ ಒಂದು ಒಗಟು ಇದೆ. 1966ರಲ್ಲಿ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಇಬ್ಬರು ಅಮೆರಿಕನ್ ಅರ್ಥಶಾಸ್ತ್ರಜ್ಞರು ರಂಗಕಲೆಗಳ ಆದಾಯ, ಖರ್ಚುಗಳನ್ನು ಅಳೆದು ನೋಡಿ ಒಂದು ಪುಸ್ತಕ ಬರೆದರು. ಅವರ ವಾದ ಸರಳ. ಕಾರ್ಖಾನೆಯಲ್ಲಿ ಯಂತ್ರ ಬಂದ ಹಾಗೆ ಒಬ್ಬ ಕೆಲಸಗಾರ ಗಂಟೆಗೆ ಜಾಸ್ತಿ ಸಾಮಾನು ತಯಾರಿಸುತ್ತಾನೆ. ಅದರಿಂದ ಕೂಲಿ ಏರಿದರೂ ಸಾಮಾನಿನ ಬೆಲೆ ಅಷ್ಟಾಗಿ ಏರುವುದಿಲ್ಲ. ಆದರೆ ಬೀಥೋವನ್ ಬರೆದ ಒಂದು ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ನುಡಿಸಲು ಅವನ ಕಾಲದಲ್ಲಿ ನಾಲ್ಕು ಜನ ಬೇಕಿತ್ತು, ಇವತ್ತೂ ನಾಲ್ಕು ಜನವೇ ಬೇಕು. ಹಿಡಿಯುವ ಹೊತ್ತೂ ಅಷ್ಟೇ. ಹೊರಗಿನ ಲೋಕದಲ್ಲಿ ಸಂಬಳ ಏರಿದ ಹಾಗೆ ಈ ನಾಲ್ವರ ಸಂಬಳವೂ ಏರಲೇಬೇಕು. ಇಲ್ಲದಿದ್ದರೆ ಅವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಖರ್ಚು ಏರುತ್ತಲೇ ಇರುತ್ತದೆ, ಟಿಕೆಟ್ ಮಾರಿ ಅದು ಗಿಟ್ಟುವುದಿಲ್ಲ. ಇದಕ್ಕೆ 'ಬಾಮೋಲ್ ವೆಚ್ಚರೋಗ' ಎಂಬ ಹೆಸರೇ ನಿಂತುಬಿಟ್ಟಿತು. ಸಂಸ್ಥೆ ಕೆಟ್ಟದಾಗಿ ನಡೆದರೆ ನಷ್ಟ ಆಗುವುದು ಎಲ್ಲರಿಗೂ ಗೊತ್ತು. ಚೆನ್ನಾಗಿ ನಡೆದರೂ ಕೊರತೆ ಬೀಳುತ್ತದೆ ಎನ್ನುವುದು ಇವರ ಮಾತಿನ ತಿರುಳು.

ಆ ಕೊರತೆಯನ್ನು ತುಂಬುವವರು ಯಾರು? ಸರ್ಕಾರ, ಪ್ರತಿಷ್ಠಾನಗಳು, ದಾನಿಗಳು. 1981ರಲ್ಲಿ ಹೆನ್ರಿ ಹಾನ್ಸ್‌ಮನ್ ಎಂಬ ಕಾನೂನು ವಿದ್ವಾಂಸರು ಇದಕ್ಕೊಂದು ಚೆಂದದ ವಿವರಣೆ ಕೊಟ್ಟರು. ನಾಟಕ ಕಟ್ಟುವ ಖರ್ಚಿನಲ್ಲಿ ಬಹುಪಾಲು ಮೊದಲ ಪ್ರದರ್ಶನಕ್ಕೆ ಮುಂಚೆಯೇ ಆಗಿಹೋಗಿರುತ್ತದೆ. ನೋಡುವವರು ಕಡಿಮೆ. ಎಲ್ಲರಿಗೂ ಒಂದೇ ದರದ ಟಿಕೆಟ್ ಮಾರಿದರೆ ಖರ್ಚು ಗಿಟ್ಟುವುದಿಲ್ಲ. ಹಾಗಾಗಿ ಹೆಚ್ಚು ಕೊಡಬಲ್ಲವರು ಟಿಕೆಟ್ ತೆಗೆದುಕೊಂಡು, ಮೇಲೆ ದೇಣಿಗೆಯನ್ನೂ ಕೊಡುತ್ತಾರೆ. ಯಾರ ಜೇಬಿಗೂ ಲಾಭ ಹೋಗುವುದಿಲ್ಲ ಎಂಬ ನಂಬಿಕೆ ಇದ್ದರೆ ಮಾತ್ರ ಅವರು ಹಾಗೆ ಕೊಡುತ್ತಾರೆ. ಲಾಭರಹಿತ ಎಂಬ ಸ್ವರೂಪ ಬೇಕಾಗುವುದು ಇದಕ್ಕೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ, ವಿದ್ಯಾರ್ಥಿಗಳಲ್ಲೂ, ಎಷ್ಟೋ ಸಲ ಟ್ರಸ್ಟಿಗಳಲ್ಲೂ. ಲಾಭರಹಿತ ಸಂಸ್ಥೆ ಹಣ ಉಳಿಸಬಾರದು ಅಂತ. ಹಾಗೇನಿಲ್ಲ. ಉಳಿಸಬಹುದು, ಉಳಿಸಲೇಬೇಕು. ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳಬಾರದು, ಅಷ್ಟೇ. ಕೈಯಲ್ಲಿ ಮೂರು ತಿಂಗಳ ಸಂಬಳವೂ ಇಲ್ಲದ ಸಂಸ್ಥೆಯನ್ನು 'ನಾವು ಸೇವೆ ಮಾಡ್ತಿದೀವಿ' ಎಂದು ಹೆಮ್ಮೆಯಿಂದ ತೋರಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ಸೇವೆಯ ಖರ್ಚನ್ನು ಭರಿಸುವವರು ಸಂಬಳ ತಡವಾಗಿ ಪಡೆಯುವ ನಟರು ಮತ್ತು ನಿಮ್ಮಂಥ ಕಚೇರಿಯವರು.

ಈಗ ನೀವು ಹಿಡಿಯಬೇಕಾದ ಲೆಕ್ಕ ಹೇಗಿರುತ್ತದೆ ನೋಡೋಣ. ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಹನ್ನೆರಡು ತಿಂಗಳು. ಮೇಲಿನ ಸಾಲುಗಳಲ್ಲಿ ಬರುವ ಹಣ: ಟಿಕೆಟ್, ಪ್ರದರ್ಶನದ ಸಂಭಾವನೆ, ಅನುದಾನ, ದೇಣಿಗೆ. ಕೆಳಗೆ ಹೋಗುವ ಹಣ: ಸಂಬಳ, ಬಾಡಿಗೆ, ರಂಗಸಜ್ಜಿಕೆ, ಪ್ರವಾಸ. ಇಲ್ಲಿಯವರೆಗೆ ಯಾರಾದರೂ ಬರೆದಾರು. ಇನ್ನು ಒಂದು ಕೆಲಸ ಮಾಡಿ. ಬರುವ ಹಣದ ಪ್ರತಿ ಸಾಲನ್ನೂ ಎರಡಾಗಿ ಸೀಳಿ. ಒಂದು, ನಮಗೆ ಬೇಕಾದ್ದಕ್ಕೆ ಖರ್ಚು ಮಾಡಬಹುದಾದ ಹಣ. ಇನ್ನೊಂದು, ಕೊಟ್ಟವರು ಇಂಥದ್ದಕ್ಕೇ ಎಂದು ಕಟ್ಟುಹಾಕಿ ಕೊಟ್ಟ ಹಣ.

ಉದಾಹರಣೆಗೆ, ಮಕ್ಕಳ ನಾಟಕದ ಪ್ರವಾಸಕ್ಕೆಂದು ಒಂದು ಪ್ರತಿಷ್ಠಾನ ಅನುದಾನ ಕೊಟ್ಟಿದೆ. ಪ್ರವಾಸ ಇರುವುದು ಎಂಟನೇ ತಿಂಗಳಲ್ಲಿ. ಹಣ ಎರಡನೇ ತಿಂಗಳಲ್ಲೇ ಬಂತು. ಬ್ಯಾಂಕ್ ಖಾತೆ ತುಂಬಿದೆ. ಮೂರನೇ ತಿಂಗಳು ಟಿಕೆಟ್ ಮಾರಾಟ ಕುಸಿಯಿತು, ಸಂಬಳಕ್ಕೆ ದುಡ್ಡಿಲ್ಲ. ಆಡಳಿತ ಮಂಡಳಿಯ ಸದಸ್ಯರೊಬ್ಬರು ಖಾತೆಯ ಮೊತ್ತ ನೋಡಿ 'ಇಷ್ಟು ದುಡ್ಡಿದೆಯಲ್ರೀ' ಎನ್ನುತ್ತಾರೆ. ದುಡ್ಡಿದೆ, ಆದರೆ ನಮ್ಮದಲ್ಲ. ತೆಗೆದು ಸಂಬಳ ಕೊಟ್ಟರೆ ಎಂಟನೇ ತಿಂಗಳಲ್ಲಿ ಪ್ರವಾಸಕ್ಕೆ ಹಣ ಎಲ್ಲಿಂದ? 'ಮುಂದಿನ ಅನುದಾನ ಬಂದಾಗ ಸರಿಮಾಡೋಣ' ಎನ್ನುತ್ತಾರೆ. ಆ ಮುಂದಿನ ಅನುದಾನವೂ ಯಾವುದೋ ಕೆಲಸಕ್ಕೆ ಕಟ್ಟುಬಿದ್ದೇ ಬರುತ್ತದೆ. ಇವರ ಹಣದಿಂದ ಅವರ ಕೆಲಸ, ಅವರ ಹಣದಿಂದ ಇವರ ಕೆಲಸ. ಎಷ್ಟೋ ಕಲಾ ಸಂಸ್ಥೆಗಳು ಮುಳುಗುವುದು ಹೀಗೆ. ಒಂದು ದಿನ ಅನುದಾನದ ಸರಪಳಿ ಕಡಿದಾಗ ಮೊದಲ ಬಾರಿಗೆ ಎಲ್ಲರಿಗೂ ಗೊತ್ತಾಗುತ್ತದೆ, ಹಣ ಖಾಲಿಯಾಗಿ ಯಾವ ಕಾಲವಾಯಿತೋ ಅಂತ.

ಆ ಮೂರನೇ ತಿಂಗಳ ಸಭೆಯಲ್ಲಿ ಕೂತು 'ಇಲ್ಲ, ಇದನ್ನು ಮುಟ್ಟುವಂತಿಲ್ಲ' ಎಂದು ಹೇಳಿದ ಅನುಭವ ಇದ್ದವರು ತರಗತಿಯಲ್ಲಿ ನಿಂತರೆ ಪಾಠ ಬೇರೆಯೇ ಆಗುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನ್ಯೂಯಾರ್ಕ್ ಸಿಟಿ ಆಪೆರಾ 1943ರಲ್ಲಿ ಶುರುವಾದ ಸಂಗೀತ ನಾಟಕ ಸಂಸ್ಥೆ. ಕಡಿಮೆ ದರದಲ್ಲಿ ಎಲ್ಲರಿಗೂ ಆಪೆರಾ ಎಂದು ಹೆಸರಾಗಿತ್ತು. 2008-09ರಲ್ಲಿ ಅವರ ರಂಗಮಂದಿರದ ನವೀಕರಣ ನಡೆಯಿತು. ಆ ಹಂಗಾಮಿನಲ್ಲಿ ಅಲ್ಲಿ ಪ್ರದರ್ಶನ ಇರಲಿಲ್ಲ. ಟಿಕೆಟ್ ಹಣ ನಿಂತಿತು, ಕಾಯಂ ಖರ್ಚು ನಿಲ್ಲಲಿಲ್ಲ. ದತ್ತಿನಿಧಿಯಿಂದ ಸುಮಾರು 2.4 ಕೋಟಿ ಡಾಲರ್ ತೆಗೆದರು. ದತ್ತಿನಿಧಿ ಎಂದರೆ ಅಸಲನ್ನು ಮುಟ್ಟದೆ ಅದರ ಆದಾಯದಲ್ಲಿ ವರ್ಷ ವರ್ಷ ನಡೆಸಿಕೊಂಡು ಹೋಗಲೆಂದು ಇಟ್ಟ ಹಣ. ಅಸಲು ಕರಗಿತು, ಅದರ ಜೊತೆಗೆ ಮುಂದಿನ ವರ್ಷಗಳ ಆದಾಯವೂ ಕರಗಿತು. 2011ರಲ್ಲಿ ತಮ್ಮ ರಂಗಮಂದಿರವಿದ್ದ ಲಿಂಕನ್ ಸೆಂಟರ್ ಬಿಟ್ಟು ಹೊರಬಿದ್ದರು. 2013ರಲ್ಲಿ ಜನರಿಂದ ಆನ್‌ಲೈನ್‌ನಲ್ಲಿ 10 ಲಕ್ಷ ಡಾಲರ್ ಕೂಡಿಸಲು ಹೊರಟರು. ಸುಮಾರು 3 ಲಕ್ಷಕ್ಕೇ ಅದು ನಿಂತಿತು. ಆ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು. (2016ರಲ್ಲಿ ಹೊಸ ಆಡಳಿತದಲ್ಲಿ ಅದೇ ಹೆಸರಿನಿಂದ ಮತ್ತೆ ಶುರುವಾಯಿತು.)

ನನ್ನ ಕೇಳಿದರೆ ಇದು ತರಗತಿಗೆ ಚಿನ್ನದಂಥ ಪ್ರಕರಣ. ಆದರೆ ಕಲಿಸುವ ರೀತಿ ಮುಖ್ಯ. 'ದತ್ತಿನಿಧಿ ಮುಟ್ಟಿದ್ದು ತಪ್ಪು' ಎಂದು ಬೋರ್ಡಿನ ಮೇಲೆ ಬರೆದರೆ ಪಾಠ ಸತ್ತಿತು. ವಿದ್ಯಾರ್ಥಿಗಳನ್ನು 2008ಕ್ಕೆ ಕರೆದುಕೊಂಡು ಹೋಗಿ. ಮುಂದಿನದ್ದು ಅವರಿಗೆ ಗೊತ್ತಿಲ್ಲ. ರಂಗಮಂದಿರ ಮುಚ್ಚಿದೆ, ಸಂಗೀತಗಾರರ ಒಪ್ಪಂದ ಇದೆ, ಅದೇ ವರ್ಷ ಷೇರುಪೇಟೆ ಬಿದ್ದಿದೆ. ಈಗ ನೀವೇ ಆಡಳಿತ ಮಂಡಳಿ. ಏನು ಮಾಡುತ್ತೀರಿ? ಬಾಡಿಗೆ ರಂಗಮಂದಿರದಲ್ಲಿ ಚಿಕ್ಕದಾಗಿ ನಡೆಸುತ್ತೀರಾ? ಜನರನ್ನು ಕೆಲಸದಿಂದ ತೆಗೆಯುತ್ತೀರಾ? ಆಗ ಬರುವ ಜಗಳ ಇದೆಯಲ್ಲ, ಅದೇ ಪಾಠ.

ಇನ್ನು ಸ್ನಾತಕೋತ್ತರ ಪದವಿ. 1960ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಯೇಲ್, ಕೆನಡಾದ ಯಾರ್ಕ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಈ ಓದು ಶುರುವಾಯಿತು. 1975ರ ಹೊತ್ತಿಗೆ ಅಮೆರಿಕದಲ್ಲಿ ಇದನ್ನು ಕಲಿಸುವವರ ಸಂಘವೇ ಹುಟ್ಟಿತು. ಯುರೋಪಿನಲ್ಲಿ ಎನ್‌ಕ್ಯಾಟ್ಕ್ ಎಂಬ ಅಂಥದ್ದೇ ಜಾಲ 1992ರಲ್ಲಿ ಬಂತು. ಅಂದರೆ ಇದು ಇನ್ನೂ ಎಳೆಯ ವಿಷಯ. ಅದರಿಂದ ಒಂದು ಅನುಕೂಲ, ಒಂದು ತೊಂದರೆ. ಅನುಕೂಲ ಏನೆಂದರೆ ಹೊರಗಿನಿಂದ, ಕೆಲಸದ ಅನುಭವದಿಂದ ಬಂದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ತೊಂದರೆ ಏನೆಂದರೆ ಒಂದೊಂದು ಕಡೆ ಒಂದೊಂದು ವಿಭಾಗದಲ್ಲಿ ಇದನ್ನು ಕೂರಿಸಿದ್ದಾರೆ. ನಾಟಕ ವಿಭಾಗದಲ್ಲಿದ್ದರೆ ನಿರ್ಮಾಣದ ಕಡೆ ವಾಲುತ್ತದೆ. ವ್ಯವಹಾರ ಶಾಲೆಯಲ್ಲಿದ್ದರೆ ಮಾರ್ಕೆಟಿಂಗ್ ಕಡೆ. ಸಾರ್ವಜನಿಕ ಆಡಳಿತದ ಕಡೆ ಇದ್ದರೆ ಸಾಂಸ್ಕೃತಿಕ ನೀತಿ ಜಾಸ್ತಿ. ಹೆಸರು ಒಂದೇ, ಒಳಗಿನ ಓದು ಬೇರೆ ಬೇರೆ. ಸೇರುವ ಮುಂಚೆ ಸಿಲಬಸ್ ತರಿಸಿಕೊಂಡು ಓದಿ.

ಪದವಿಯಿಂದ ಕೆಲಸ ತಾನಾಗಿ ಸಿಗುತ್ತದೆ ಎಂದು ತಿಳಿಯಬೇಡಿ. ವಕೀಲರಿಗೆ, ವೈದ್ಯರಿಗೆ ಇರುವಂಥ ಪರವಾನಗಿ ಈ ವೃತ್ತಿಗೆ ಇಲ್ಲ. ಪದವಿ ಇಲ್ಲದೆ ದೊಡ್ಡ ಸಂಸ್ಥೆ ನಡೆಸುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಪದವಿಯಿಂದ ನಿಜವಾಗಿ ಸಿಗುವುದು ಎರಡು. ನೀವು ಇಷ್ಟು ದಿನ ಅಂದಾಜಿನ ಮೇಲೆ ಮಾಡಿದ ಕೆಲಸಕ್ಕೆ ಒಂದು ಚೌಕಟ್ಟು, ಮತ್ತು ಪಕ್ಕದಲ್ಲಿ ಕೂತ ಸಹಪಾಠಿಗಳು. ಮುಂದೆ ಒಬ್ಬರು ಅನುದಾನ ಕೊಡುವ ಕಡೆ ಇರುತ್ತಾರೆ, ಒಬ್ಬರು ಮ್ಯೂಸಿಯಂನಲ್ಲಿ, ಒಬ್ಬರು ಉತ್ಸವದಲ್ಲಿ. ಲೆಕ್ಕ ಹಿಡಿದು ಹೋದವರಿಗೆ ಚೌಕಟ್ಟು ಕೂಡಲೇ ಅರ್ಥವಾಗುತ್ತದೆ. ಸುಮ್ನೆ ಹೋದವರು ಚೌಕಟ್ಟನ್ನು ಬಾಯಿಪಾಠ ಮಾಡಿ ಬರುತ್ತಾರೆ. ಮೊದಲು ಒಂದು ವರ್ಷ ಎಂದದ್ದು ಅದಕ್ಕೇ.

ಪಿಎಚ್‌.ಡಿ. ವಿಚಾರ. ಕಲಿಸಲು ಬೇಕೇಬೇಕಾ? ಅತಿಥಿ ಉಪನ್ಯಾಸಕರಾಗಿ ಒಂದು ಪೇಪರ್ ಕಲಿಸಲು ಸಾಮಾನ್ಯವಾಗಿ ಬೇಡ, ಅನುಭವವೇ ಅರ್ಹತೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ವೃತ್ತಿ ಅನುಭವಿಗಳಿಗೆಂದೇ ಪ್ರಾಧ್ಯಾಪಕ ಹುದ್ದೆಗಳಿವೆ. ಅಮೆರಿಕದಲ್ಲಿ ರಂಗನಿರ್ವಹಣೆಯ ಎಂಎಫ್‌ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಯನ್ನು ಆ ವಿಷಯದ ಕೊನೆಯ ಪದವಿ ಎಂದೇ ಎಣಿಸುತ್ತಾರೆ. ಆದರೆ ಕಾಯಂ ಹುದ್ದೆ, ಸಂಶೋಧನೆ, ಮಾರ್ಗದರ್ಶನ ಬೇಕೆಂದರೆ ಪಿಎಚ್‌.ಡಿ. ಇಲ್ಲದೆ ದಾರಿ ಬಹಳ ಕಿರಿದು. ಅದನ್ನು ಕಲಾ ನಿರ್ವಹಣೆಯಲ್ಲೇ ಮಾಡಬೇಕೆಂದಿಲ್ಲ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಾರ್ವಜನಿಕ ಆಡಳಿತ, ಯಾವುದರಲ್ಲಾದರೂ ಆಗಬಹುದು, ಪ್ರಶ್ನೆ ಕಲಾ ಸಂಸ್ಥೆಗಳದ್ದಾಗಿದ್ದರೆ ಸಾಕು. ನಿಮ್ಮ ಬಳಿ ಒಂದು ಕಾಡುವ ಪ್ರಶ್ನೆ ಇದೆಯೇ ನೋಡಿಕೊಳ್ಳಿ. 'ಟಿಕೆಟ್ ದರ ಇಳಿಸಿದರೆ ಹೊಸ ಪ್ರೇಕ್ಷಕರು ಬರುತ್ತಾರಾ, ಹಳಬರೇ ಅಗ್ಗಕ್ಕೆ ಬರುತ್ತಾರಾ' ಎಂಬುದು ಒಳ್ಳೆಯ ಪ್ರಶ್ನೆ. ಅದಕ್ಕೆ ಬೇಕಾದ ಅಂಕಿಅಂಶ ಈಗಲೇ ನಿಮ್ಮ ಟಿಕೆಟ್ ಕೌಂಟರಿನಲ್ಲಿ ಬಿದ್ದಿದೆ. ಡಾಕ್ಟರ್ ಎನಿಸಿಕೊಳ್ಳುವ ಆಸೆ ಮಾತ್ರ ಇದ್ದರೆ ಬೇಡ, ವರ್ಷಗಳು ಹೋಗುತ್ತವೆ.

ಅತಿಥಿ ಉಪನ್ಯಾಸದ ಬಗ್ಗೆ ಒಂದು ಎಚ್ಚರಿಕೆ. ಅದರಿಂದ ಹೊಟ್ಟೆ ತುಂಬುವುದಿಲ್ಲ. ತರಗತಿಯ ಗಂಟೆಗೆ ಮಾತ್ರ ದುಡ್ಡು ಕೊಡುತ್ತಾರೆ, ತಯಾರಿಗೆ, ಉತ್ತರಪತ್ರಿಕೆಗೆ ಕೊಡುವುದಿಲ್ಲ. ಕೆಲಸದ ಜೊತೆಗೆ ಮಾಡಿದರೆ ಚೆನ್ನ, ಅದನ್ನೇ ನಂಬಿದರೆ ಕಷ್ಟ. ಆದರೂ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಒಂದು ಇಡೀ ಪೇಪರ್ ಕೂಡ ಬೇಡ. ಗೊತ್ತಿರುವ ಅಧ್ಯಾಪಕರ ತರಗತಿಯಲ್ಲಿ ಒಂದು ಮಧ್ಯಾಹ್ನ ನಿಮ್ಮ ಹನ್ನೆರಡು ತಿಂಗಳ ಹಾಳೆ ಹಂಚಿ, ಹೆಸರು ಅಳಿಸಿ, ಮೊತ್ತಗಳನ್ನು ಸ್ವಲ್ಪ ಬದಲಿಸಿ. ಕಲಿಸುವುದು ನಿಮಗೆ ಇಷ್ಟವಾ ಎಂಬುದು ಆ ಮಧ್ಯಾಹ್ನವೇ ಗೊತ್ತಾಗುತ್ತದೆ.

ಪಾಠಕ್ಕೆ ಸಾಮಗ್ರಿ ಇಲ್ಲ ಎಂದು ಹೆದರಬೇಡಿ. ಅಮೆರಿಕದ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಪ್ರತಿ ವರ್ಷ ಸಲ್ಲಿಸುವ ಫಾರ್ಮ್ 990 ಸಾರ್ವಜನಿಕ ದಾಖಲೆ. ಆದಾಯ, ಖರ್ಚು, ಮೇಲಿನ ಹುದ್ದೆಯವರ ಸಂಬಳ ಎಲ್ಲ ಅದರಲ್ಲಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ ಕೂಡ ಸಂಸ್ಥೆಗಳ ಲೆಕ್ಕಪತ್ರವನ್ನು ಬಿಟ್ಟಿಯಾಗಿ ನೋಡಲು ಬಿಡುತ್ತದೆ. ಒಂದೇ ಆರ್ಕೆಸ್ಟ್ರಾದ ಐದು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟು ಓದಿ. ಯಾವ ವರ್ಷ ನಿರ್ದೇಶಕರು ಬದಲಾದರು, ಯಾವ ವರ್ಷ ದೊಡ್ಡ ದಾನಿ ಕೈಬಿಟ್ಟರು ಎಂದು ಊಹಿಸುತ್ತಾ ಹೋದರೆ ಪತ್ತೇದಾರಿ ಕಥೆಗಿಂತ ಚೆನ್ನಾಗಿರುತ್ತದೆ. ಇನ್ನೊಂದು ಪ್ರಕರಣ ಡೆಟ್ರಾಯಿಟ್‌ನದ್ದು. 2013ರಲ್ಲಿ ಆ ನಗರವೇ ದಿವಾಳಿಯಾದಾಗ ಸಾಲ ಕೊಟ್ಟವರ ಕಣ್ಣು ಕಲಾ ಸಂಗ್ರಹಾಲಯದ ಚಿತ್ರಗಳ ಮೇಲೆ ಬಿತ್ತು. ಕಟ್ಟಡ, ಚಿತ್ರಗಳು ನಗರಾಡಳಿತದ ಆಸ್ತಿಯಾಗಿದ್ದವು, ಅದಕ್ಕೆ. ಪ್ರತಿಷ್ಠಾನಗಳು, ರಾಜ್ಯ ಸರ್ಕಾರ, ದಾನಿಗಳು ಸೇರಿ 80 ಕೋಟಿ ಡಾಲರ್‌ಗೂ ಹೆಚ್ಚು ಒಟ್ಟುಮಾಡಿ ನಗರದ ನೌಕರರ ಪಿಂಚಣಿಗೆ ಕೊಟ್ಟರು. ಬದಲಿಗೆ ಸಂಗ್ರಹದ ಒಡೆತನ ಲಾಭರಹಿತ ಸಂಸ್ಥೆಗೆ ಬಂತು. ಒಡೆತನದ ಕಾಗದ ಯಾರ ಹೆಸರಲ್ಲಿದೆ ಎಂಬ ಒಣ ವಿಷಯ ಎಷ್ಟು ಮುಖ್ಯ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸಲು ಆಗುವುದಿಲ್ಲ.

ವಿದ್ಯಾರ್ಥಿಗಳನ್ನು ನಿಜವಾದ ಸಂಸ್ಥೆಗಳಿಗೆ ಕಳಿಸಿ ಯೋಜನೆ ಮಾಡಿಸುವುದು ಈ ಓದಿನ ರೂಢಿ. ಒಳ್ಳೆಯದೇ. ಆದರೆ ಸಂಬಳವಿಲ್ಲದ ಇಂಟರ್ನ್‌ಶಿಪ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ ಆರು ತಿಂಗಳು ಬಿಟ್ಟಿ ದುಡಿಯಬಲ್ಲರು. ಹಾಗಾಗಿ ಕೆಲಸಕ್ಕೆ ಒಳಬರುವವರೂ ಅವರೇ. ಆಮೇಲೆ 'ನಮ್ಮಲ್ಲಿ ಎಲ್ಲ ಬಗೆಯ ಜನ ಯಾಕಿಲ್ಲ' ಎಂದು ಸಭೆ ಕರೆದರೆ ಏನು ಬಂತು? ನೀವು ಕಲಿಸುವ ದಿನ ಬಂದಾಗ, ಊಟ, ಓಡಾಟದ ಖರ್ಚನ್ನೂ ಕೊಡದ ಸಂಸ್ಥೆಗೆ ಮಕ್ಕಳನ್ನು ಕಳಿಸಬೇಡಿ.

ಈಗ ಮನೆಯವರ ಪ್ರಶ್ನೆ. ಹೌದು, ಇದು ಕೆಲಸವೇ. ಸಂಬಳ ಮಾತ್ರ ಅದೇ ಸಾಮರ್ಥ್ಯಕ್ಕೆ ಕಂಪನಿಗಳಲ್ಲಿ ಸಿಗುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಒಳಗೆ ಎಲ್ಲ ಹುದ್ದೆಗಳೂ ಒಂದೇ ಅಲ್ಲ. ಕಾರ್ಯಕ್ರಮ ಆಯ್ಕೆ ಮಾಡುವ, ಕಲಾವಿದರ ಜೊತೆ ಓಡಾಡುವ ಹುದ್ದೆಗೆ ಸಾಲು ಉದ್ದ. ದೇಣಿಗೆ ಸಂಗ್ರಹ ಮತ್ತು ಹಣಕಾಸಿಗೆ ಸಾಲು ಚಿಕ್ಕದು, ಸಂಬಳವೂ ಮೇಲು, ಯಾಕೆಂದರೆ ಬಹಳ ಜನರಿಗೆ ಹಣ ಕೇಳಲು ಸಂಕೋಚ. ಹಲವು ದೊಡ್ಡ ನಾಟಕ ಸಂಸ್ಥೆಗಳಲ್ಲಿ ಇಬ್ಬರು ಮುಖ್ಯಸ್ಥರು ಇರುತ್ತಾರೆ, ಕಲಾ ನಿರ್ದೇಶಕರು ಒಬ್ಬರು, ಆಡಳಿತ ನಿರ್ದೇಶಕರು ಒಬ್ಬರು. ಇಬ್ಬರೂ ನೇರವಾಗಿ ಆಡಳಿತ ಮಂಡಳಿಗೆ ಉತ್ತರ ಕೊಡಬೇಕು. ಎರಡನೆಯ ಕುರ್ಚಿಗೆ ಟಿಕೆಟ್ ಕೌಂಟರಿನಿಂದ ಹೋದವರಿದ್ದಾರೆ. ಲೆಕ್ಕ ಬಾರದೆ ಹೋದವರನ್ನು ನಾನಂತೂ ನೋಡಿಲ್ಲ. ಅನುದಾನ ಕೊಡುವ ಪ್ರತಿಷ್ಠಾನಗಳಲ್ಲೂ ಕೆಲಸ ಇದೆ. ಅರ್ಜಿ ಬರೆದು ಗೊತ್ತಿದ್ದವರು ಅರ್ಜಿ ಓದಲು ಕೂತರೆ ಸಂಸ್ಥೆಗಳಿಗೂ ಒಳ್ಳೆಯದು. ಸಣ್ಣ ಸಂಸ್ಥೆಗಳ ಟ್ರಸ್ಟಿಗಳಿಗೆ, ಹೊಸ ಮ್ಯಾನೇಜರ್‌ಗಳಿಗೆ ತರಬೇತಿ ಕೊಡುವುದೂ ಒಂದು ದಾರಿ. ಕಲಿಸುವ ಆಸೆ ಕಾಲೇಜಿನಲ್ಲೇ ತೀರಬೇಕೆಂದಿಲ್ಲ, ಅಲ್ವಾ?

ಹಾಗಾದರೆ ನಾಳೆ ಏನು ಮಾಡಬೇಕು? ನಿಮ್ಮ ಕಾರ್ಯದರ್ಶಿಯವರ ಬಳಿ ಹೋಗಿ ಹಿಂದಿನ ಮೂರು ವರ್ಷದ ಆಡಿಟ್ ವರದಿ ಕೇಳಿ. ಕೊಟ್ಟರೆ, ಮುಂದಿನ ವರ್ಷದ ಬಜೆಟ್ ಕರಡನ್ನು ನಾನು ಬರೆದುಕೊಡುತ್ತೇನೆ, ನೀವು ತಿದ್ದಿ ಎನ್ನಿ. ಯಾವ ಸಂಸ್ಥೆಯಲ್ಲೂ ಆ ಕೆಲಸಕ್ಕೆ ಪೈಪೋಟಿ ಇರುವುದಿಲ್ಲ. ಸಭೆಗೆ ಕೂರಲು ಬಿಡಿ, ಟಿಪ್ಪಣಿ ಬರೆದುಕೊಳ್ಳುತ್ತೇನೆ ಎಂದೂ ಕೇಳಿ. ಆಡಿಟ್ ವರದಿ ತೋರಿಸಲು ಅವರು ಸುತರಾಂ ಒಪ್ಪದಿದ್ದರೆ ಬೇರೆ ಸಂಸ್ಥೆ ಹುಡುಕಿಕೊಳ್ಳಿ. ಒಂದು ವರ್ಷದ ನಂತರ ಸ್ನಾತಕೋತ್ತರಕ್ಕೆ ಅರ್ಜಿ ಹಾಕುವಾಗ ಆ ವಿಭಾಗದವರಿಗೆ ಎರಡು ಪ್ರಶ್ನೆ ಕೇಳಿ. ನಿಮ್ಮಲ್ಲಿ ಓದಿ ಐದು ವರ್ಷ ಆದವರು ಈಗ ಎಲ್ಲಿದ್ದಾರೆ? ಹಣಕಾಸಿನ ಪೇಪರನ್ನು ಯಾರು ಕಲಿಸುತ್ತಾರೆ? ಎರಡನೆಯದಕ್ಕೆ 'ಅದು ಐಚ್ಛಿಕ' ಎಂಬ ಉತ್ತರ ಬಂದರೆ ಬೇರೆ ಕಡೆ ಅರ್ಜಿ ಹಾಕಿ.